ನಮ್ಮ ನಂಬಿಕೆಯನ್ನು ಅರ್ಥ ಮಾಡಿಕೊಳ್ಳುವ ಕೌನ್ಸೆಲರ್ ಕಾಸರಗೋಡು ಕಡೆ ಯಾರಾದರೂ ಇದ್ದಾರಾ?

ಕುಂಬಳೆ ಟೀಚರ್

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಲೋ ಬೇಡವೋ ಅಂತ ಮೂರು ದಿನ ಯೋಚಿಸಿದೆ. ಕುಂಬಳೆ ಹತ್ತಿರ ಕನ್ನಡ ಮೀಡಿಯಂ ಶಾಲೆಯಲ್ಲಿ ಟೀಚರ್ ಆಗಿದ್ದೇನೆ. ನಾವು ಕಥೊಲಿಕ ಕ್ರೈಸ್ತರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಆಫೀಸು ಆಸ್ಪತ್ರೆಗೆ ಹೋದರೆ ಮಲಯಾಳಂ. ಗಂಡ ದುಬೈಯಲ್ಲಿದ್ದಾರೆ. ಇಬ್ಬರು ಮಕ್ಕಳು.

ಕಳೆದ ಜೂನ್‌ನಲ್ಲಿ ಅಮ್ಮ ತೀರಿಕೊಂಡರು. ಐಸಿಯುನಲ್ಲಿದ್ದರು. ಫಾದರನ್ನು ಕರೆಸಿ, ಕಾಯಿಲೆಯವರಿಗೆ ಪ್ರಾರ್ಥನೆ ಮಾಡಿ ಹಚ್ಚುವ ಪವಿತ್ರ ಎಣ್ಣೆ ಹಚ್ಚಿಸೋಣ ಅಂತ ಅಣ್ಣ ಹೇಳಿದ್ದ. ನಾನೇ ಬೇಡ ಅಂದೆ. ಫಾದರನ್ನು ಕಂಡರೆ ಅಮ್ಮ ಹೆದರುತ್ತಾರೆ, ತನ್ನ ಕತೆ ಮುಗಿಯಿತು ಅಂದುಕೊಳ್ಳುತ್ತಾರೆ, ನಾಳೆ ನೋಡೋಣ ಅಂದೆ. ಬೆಳಗಿನ ಜಾವ ಮೂರೂವರೆಗೆ ಆಸ್ಪತ್ರೆಯಿಂದ ಫೋನ್ ಬಂತು.

ಈಗ ದಿನಾ ಮೂರೂವರೆಗೆ ಎಚ್ಚರವಾಗುತ್ತದೆ. ಅಮ್ಮನ ತೇರ್ಸ್ ಮಣಿ, ಅಂದರೆ ಜಪಮಾಲೆ ಹಿಡಿದು ಕೂರುತ್ತೇನೆ. ಪ್ರಾರ್ಥನೆ ಅರ್ಧಕ್ಕೇ ನಿಂತುಬಿಡುತ್ತದೆ. ಊಟ ಸೇರುವುದಿಲ್ಲ. ಮಕ್ಕಳ ಮೇಲೆ ಸುಮ್ನೆ ರೇಗುತ್ತೇನೆ. ಚರ್ಚಿನ ಪೂಜೆಗೆ ಹೋದರೂ ಹಿಂದಿನ ಬೆಂಚಲ್ಲಿ ಕೂತು ಮುಗಿಯುವ ಮೊದಲೇ ಎದ್ದು ಬರುತ್ತೇನೆ.

ಒಬ್ಬ ಕೌನ್ಸೆಲರ್ ಹತ್ತಿರ ಹೋದೆ. ಇಪ್ಪತ್ತು ನಿಮಿಷವೂ ಆಗಿರಲಿಲ್ಲ. “ಎಣ್ಣೆ ಹಚ್ಚದಿದ್ದರೆ ಏನಾಯಿತು? ಇದೆಲ್ಲ ಧರ್ಮ ತುಂಬಿಸಿದ ಭಯ. ಸ್ವಲ್ಪ ದಿನ ಪ್ರಾರ್ಥನೆ ಬಿಟ್ಟುಬಿಡಿ” ಅಂದರು. ಬಸ್ ಸ್ಟ್ಯಾಂಡ್‌ವರೆಗೆ ಅಳುತ್ತಾ ಬಂದೆ. ಆಮೇಲೆ ಅತ್ತಿಗೆ ಒಂದು ಧ್ಯಾನಕೂಟಕ್ಕೆ ಕರೆದುಕೊಂಡು ಹೋದರು. ಅಲ್ಲಿ ಒಬ್ಬರು, “ನಿಮ್ಮ ವಿಶ್ವಾಸ ಗಟ್ಟಿಯಿಲ್ಲ, ಅದಕ್ಕೇ ಹೀಗೆ” ಅಂದರು. ಒಬ್ಬರಿಗೆ ನನ್ನ ಪ್ರಾರ್ಥನೆ ಜಾಸ್ತಿ, ಇನ್ನೊಬ್ಬರಿಗೆ ಕಡಿಮೆ.

ಕನ್ನಡದಲ್ಲಿ ಮಾತಾಡುವ, ನಮ್ಮ ನಂಬಿಕೆ ಗೊತ್ತಿರುವ ಯಾರಾದರೂ ಇದ್ದರೆ ಹೇಳಿ. ನಮ್ಮ ಇಗರ್ಜಿಯವರು, ಅಂದರೆ ನಮ್ಮ ಚರ್ಚಿನವರು ಮಾತ್ರ ಬೇಡ. ವಾಡೊದಲ್ಲಿ, ಅಂದರೆ ಇಗರ್ಜಿಯ ವಾರ್ಡಿನಲ್ಲಿ ಒಂದು ಮನೆಗೆ ಗೊತ್ತಾದರೆ ಇಡೀ ಊರಿಗೆ ಗೊತ್ತಾಗುತ್ತದೆ.

ಉಪ್ಪಳದ ನರ್ಸ್

ಟೀಚರೇ, ಮೊದಲು ಒಂದು ಮಾತು ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬದುಕುವುದೇ ಬೇಡ ಅನ್ನುವ ಯೋಚನೆ ಬರುತ್ತದಾ? ಬಂದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡವೂ ಉಂಟು. ಮೂರೂವರೆ ಗಂಟೆಗೂ ಒಬ್ಬರು ಫೋನ್ ಎತ್ತುತ್ತಾರೆ.

ಕುಂಬಳೆ ಟೀಚರ್

ಇಲ್ಲ ಸಿಸ್ಟರ್, ಹಾಗೇನೂ ಇಲ್ಲ. ಮಕ್ಕಳಿದ್ದಾರಲ್ಲ. ಆದರೆ ಅಮ್ಮನ ಹತ್ತಿರ ಹೋಗಿ ಕ್ಷಮೆ ಕೇಳಬೇಕು ಅನ್ನಿಸುತ್ತದೆ. ಅದು ಅದೇನಾ?

ಉಪ್ಪಳದ ನರ್ಸ್

ಆ ಪ್ರಶ್ನೆಯನ್ನು ಇದೇ ಮಾತಲ್ಲಿ ಡಾಕ್ಟರ ಹತ್ತಿರ ಕೇಳಿ. ಮುಚ್ಚಿಡಬೇಡಿ. ಈ ವಾರದಲ್ಲೇ ಯಾರನ್ನಾದರೂ ಕಾಣಿ. ತಿಂಗಳುಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ನಸುಕಿನಲ್ಲೇ ಎಚ್ಚರ ಅಂದರೆ ಅದು ಬರೀ ದುಃಖವೋ, ಖಿನ್ನತೆಯ ಕಾಯಿಲೆಯೋ ಅಂತ ನೋಡಲೇಬೇಕು. ಥೈರಾಯ್ಡ್, ರಕ್ತ ಕಡಿಮೆ ಇದೆಯಾ ಅಂತಲೂ ಪರೀಕ್ಷೆ ಮಾಡಿಸಿ.

ನಾನು ಮಂಗಳೂರಿನಲ್ಲಿ ಮನೋರೋಗ ವಾರ್ಡಿನಲ್ಲಿ ಕೆಲಸ ಮಾಡಿದವಳು. ಯಾರು ಯಾರು ಅನ್ನುವುದರಲ್ಲೇ ನಮ್ಮ ಜನ ಎಡವುತ್ತಾರೆ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಆದಮೇಲೆ ಮನೋವೈದ್ಯದಲ್ಲಿ ಓದಿದ ಡಾಕ್ಟರ್, ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಕೊಡುವವರು. ಸಾಮಾನ್ಯವಾಗಿ ಎಂ.ಫಿಲ್ ಮಾಡಿರುತ್ತಾರೆ, ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐಯಲ್ಲಿ ಅವರ ನೋಂದಣಿ ನಂಬರ್ ಇರಬೇಕು. ನಂಬರ್ ಕೇಳಿದರೆ ತಪ್ಪಿಲ್ಲ. ಕೌನ್ಸೆಲರ್ ಅನ್ನುವ ಬೋರ್ಡನ್ನು ಮಾತ್ರ ಸಣ್ಣ ಕೋರ್ಸ್ ಮಾಡಿದವರೂ ಹಾಕಿಕೊಳ್ಳುತ್ತಾರೆ. ಒಳ್ಳೆಯ ಕೌನ್ಸೆಲರ್‌ಗಳನ್ನೂ ಕಂಡಿದ್ದೇನೆ, ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದಲ್ಲಿ ಎಂ.ಎ. ಥರದ ಡಿಗ್ರಿ ಮಾಡಿದವರಲ್ಲಿ ತುಂಬಾ ಜನ. ಆದರೂ ಏನು ಓದಿದ್ದೀರಿ ಅಂತ ಕೇಳಿಕೊಂಡೇ ಹೋಗಿ.

ನಿಮಗೆ ಪ್ರಾರ್ಥನೆ ಬಿಡಿ ಅಂದರಲ್ಲ, ಅದು ಚಿಕಿತ್ಸೆಯ ಪದ್ಧತಿ ಅಲ್ಲವೇ ಅಲ್ಲ. 2013ರ ಡಿಎಸ್‌ಎಂ-5 ಅಂತ ಒಂದು ಕೈಪಿಡಿ ಉಂಟು. ಅಮೆರಿಕದ ಮನೋವೈದ್ಯರ ಸಂಘದ್ದು, ಇಲ್ಲೂ ಓದಿಸುತ್ತಾರೆ. ಅದರಲ್ಲಿ ರೋಗಿಯ ಹಿನ್ನೆಲೆ, ನಂಬಿಕೆ ತಿಳಿಯಲು ಕೇಳುವುದಕ್ಕೇ 16 ಪ್ರಶ್ನೆಗಳಿವೆ. ಈ ತೊಂದರೆಯನ್ನು ನಿಮ್ಮ ಮನೆಯವರು ಏನೆಂದು ಕರೆಯುತ್ತಾರೆ, ಏನು ಮಾಡಿದರೆ ನಿಮಗೆ ಹಗುರಾಗುತ್ತದೆ ಅಂತೆಲ್ಲ. ಕೇಳುವುದು ಅವರ ಕೆಲಸ. ಕೇಳದೆ ತೀರ್ಪು ಕೊಟ್ಟರೆ ಅದು ಅವರ ತಪ್ಪು, ನಿಮ್ಮದಲ್ಲ.

ಬದಿಯಡ್ಕದ ಹುಡುಗ

ಅಕ್ಕಾ, ನಿಮ್ಮ ಪೋಸ್ಟ್ ಓದಿ ಕೈ ನಡುಗಿತು. ನನ್ನದು ಬೇರೆ ಕತೆ, ಆದರೆ ಅದೇ ದಾರಿ. ಸ್ವಲ್ಪ ಉದ್ದ ಆಗುತ್ತದೆ.

ಡಿಗ್ರಿ ಎರಡನೇ ವರ್ಷದಲ್ಲಿ ನನಗೆ ಪಾಪನಿವೇದನೆಯ ಹುಚ್ಚು ಹಿಡಿಯಿತು. ಹುಚ್ಚು ಅಂತ ಈಗ ಹೇಳುತ್ತೇನೆ, ಆಗ ಅದು ಭಕ್ತಿ ಅಂದುಕೊಂಡಿದ್ದೆ. ವಾರಕ್ಕೆ ಮೂರು ಸಲ ಫಾದರ ಹತ್ತಿರ ಪಾಪ ಹೇಳಿಕೊಳ್ಳಲು ಹೋಗುತ್ತಿದ್ದೆ. ಹೊರಗೆ ಬಂದು ಬೈಕ್ ಸ್ಟಾರ್ಟ್ ಮಾಡುವಷ್ಟರಲ್ಲಿ, ಒಂದು ಪಾಪ ಸರಿಯಾಗಿ ಹೇಳಲಿಲ್ಲ ಅನ್ನಿಸುತ್ತಿತ್ತು. ವಾಪಸ್ಸು ಹೋಗುತ್ತಿದ್ದೆ. ಒಂದು ಶನಿವಾರ ಒಂದೇ ಸಂಜೆ ನಾಲ್ಕು ಸಲ ಸಾಲಲ್ಲಿ ನಿಂತೆ. ಹಿಂದೆ ನಿಂತಿದ್ದ ಒಬ್ಬರು ಅಜ್ಜಿ, “ಮಗಾ, ನೀನು ಆಗಲೇ ಹೋಗಿ ಬಂದೆಯಲ್ಲ” ಅಂದರು. ಪೂಜೆಯಲ್ಲಿ ಕೊಡುವ ಪರಮಪ್ರಸಾದ ತೆಗೆದುಕೊಳ್ಳಲು ಹೆದರಿಕೆ. ಒಂದು ಪೇಪರಲ್ಲಿ ಪಾಪಗಳನ್ನು ಬರೆದು, ಆ ಪೇಪರ್ ಯಾರಿಗಾದರೂ ಸಿಕ್ಕರೆ ಅದೂ ಪಾಪ ಅಂತ ಹರಿದು, ಚೂರುಗಳನ್ನು ಎಣಿಸುತ್ತಿದ್ದೆ.

ಅಪ್ಪನಿಗೆ ಮಗ ಫಾದರ್ ಆಗುತ್ತಾನೆ ಅಂತ ಖುಷಿ. ಕಾಯಿಲೆ ಅಂತ ಮೊದಲು ಗುರುತಿಸಿದ್ದು ಫಾದರೇ. “ಇದು ನಿನ್ನ ಪಾಪ ಅಲ್ಲ ಮಗಾ, ನಿನ್ನ ಮನಸ್ಸಿಗೆ ಗಾಯ ಆಗಿದೆ. ಡಾಕ್ಟರ ಹತ್ತಿರ ಹೋಗು” ಅಂದರು. ಒಸಿಡಿ ಅಂತ ಗೊತ್ತಾಯಿತು, ಬೇಡವೆಂದರೂ ಒಂದೇ ಯೋಚನೆ ಕಾಡಿ ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಕಾಯಿಲೆ. ಕೈ ತೊಳೆಯುವ ಒಸಿಡಿ ಇರುತ್ತದಲ್ಲ, ಅದೇ ಜಾತಿ. ನನ್ನದು ಆತ್ಮ ತೊಳೆಯುವುದು. ಇಂಗ್ಲಿಷಿನಲ್ಲಿ ಸ್ಕ್ರುಪುಲಾಸಿಟಿ ಅನ್ನುತ್ತಾರೆ. ಜೆಸ್ವಿತ್ ಅನ್ನುವ ಫಾದರ್‌ಗಳ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲರಿಗೇ 1522ರ ಸುಮಾರಿಗೆ ಸ್ಪೇನಿನ ಮನ್ರೇಸಾದಲ್ಲಿ ಇದೇ ಕಾಟ ಇತ್ತಂತೆ. ಹೇಳಿದ ಪಾಪವನ್ನೇ ಮತ್ತೆ ಮತ್ತೆ ಹೇಳುವುದು, ಎಲ್ಲಾದರೂ ಹಾರಿಬಿಡೋಣ ಅನ್ನುವಷ್ಟು ಹಿಂಸೆ. ಅದನ್ನು ಕೇಳಿದ ದಿನ ನನಗೆ ಎಷ್ಟು ಸಮಾಧಾನ ಆಯಿತು ಗೊತ್ತಾ.

ನನಗೆ ಚಿಕಿತ್ಸೆ ಕೊಟ್ಟವರು ಕ್ರೈಸ್ತರಲ್ಲ. ಮುಸ್ಲಿಂ ಮಹಿಳೆ, ಕ್ಲಿನಿಕಲ್ ಸೈಕಾಲಜಿಸ್ಟ್. ಮೊದಲ ದಿನವೇ, “ನಿಮ್ಮ ಧರ್ಮದಲ್ಲಿ ಪಾಪನಿವೇದನೆ ಎಷ್ಟು ಸಲ ಮಾಡಬೇಕು ಅಂತ ನನಗೆ ಗೊತ್ತಿಲ್ಲ. ನಿಮಗೆ ಒಪ್ಪಿಗೆ ಇದ್ದರೆ ನಿಮ್ಮ ಫಾದರ ಹತ್ತಿರ ಕೇಳಲಾ?” ಅಂದರು. ನಾನು ಬರೆದು ಸಹಿ ಹಾಕಿ ಕೊಟ್ಟೆ. ಫಾದರ್ ಪಾಪನಿವೇದನೆಯ ಒಂದು ಮಾತನ್ನೂ ಹೇಳಲಿಲ್ಲ, ಹೇಳುವ ಹಾಗೂ ಇಲ್ಲ. ನಿಯಮ ಏನು ಅಂತ ಮಾತ್ರ ತಿಳಿಸಿದರು. ಮೂವರೂ ಸೇರಿ ತೀರ್ಮಾನ ಮಾಡಿದ್ದು ಇಷ್ಟು: ತಿಂಗಳಿಗೆ ಒಂದೇ ಸಲ, ಹತ್ತು ನಿಮಿಷ, ಹೇಳಿದ್ದನ್ನು ಮತ್ತೆ ಹೇಳುವಂತಿಲ್ಲ. ಪೇಪರ್ ಬರೆಯುವಂತಿಲ್ಲ. ಸಂಶಯ ಬಂದಾಗ ವಾಪಸ್ಸು ಓಡದೆ ಆ ಹೆದರಿಕೆಯ ಜೊತೆಗೇ ಕೂರಬೇಕು. ಇದಕ್ಕೆ ಇಆರ್‌ಪಿ ಅನ್ನುತ್ತಾರೆ. ಹೆದರಿಕೆಗೆ ಎದುರಾಗುವುದು, ಆದರೆ ಹಳೆಯ ಚಾಳಿಗೆ ಮಣಿಯದಿರುವುದು. ಮೊದಲ ಸಲ ಇಗರ್ಜಿಯ ಮೆಟ್ಟಿಲಲ್ಲಿ ಮುಕ್ಕಾಲು ಗಂಟೆ ಬೆವರುತ್ತಾ ಕೂತಿದ್ದೆ. ಮಾತ್ರೆಯೂ ಇತ್ತು, ಕೆಲಸ ಮಾಡಲು ವಾರಗಳು ಬೇಕಾದವು.

ಈಗ ಕೆಲಸದಲ್ಲಿದ್ದೇನೆ. ಭಾನುವಾರ ಪರಮಪ್ರಸಾದ ತೆಗೆದುಕೊಳ್ಳುತ್ತೇನೆ. ನನ್ನ ನಂಬಿಕೆಯನ್ನು ಆ ಮೇಡಂ ಕಿತ್ತುಕೊಳ್ಳಲಿಲ್ಲ, ಕಾಯಿಲೆಯ ಕೈಯಿಂದ ಬಿಡಿಸಿಕೊಟ್ಟರು.

ವರ್ಕಾಡಿ ಆಂಟಿ

ಮಗಾ, ನಿನ್ನ ಕತೆ ಕೇಳಿ ಸಂತೋಷ ಆಯಿತು. ಆದರೆ ಎಲ್ಲರಿಗೂ ಹಾಗೆ ಆಗುವುದಿಲ್ಲ. ನನ್ನ ಅಭಿಪ್ರಾಯ ಬೇರೆ. ನಮ್ಮವರೇ ಆಗಬೇಕು ಅಂತ ನಾನು ಹೇಳುತ್ತೇನೆ.

ಮದುವೆಯಾಗಿ ಹದಿನಾರು ವರ್ಷಕ್ಕೆ ನಮ್ಮ ಯಜಮಾನರು ಕುಡಿತಕ್ಕೆ ಬಿದ್ದರು. ನಾನು ಒಬ್ಬರ ಹತ್ತಿರ ಹೋದೆ, ತುಂಬಾ ಓದಿದವರು. ಎರಡನೇ ಭೇಟಿಯಲ್ಲೇ, “ಡೈವೋರ್ಸ್ ತೆಗೆದುಕೊಳ್ಳಿ, ಇನ್ನೂ ವಯಸ್ಸಿದೆ” ಅಂದರು. ಮದುವೆ ನಮಗೆ ಸಂಸ್ಕಾರ ಅಲ್ವಾ? ಅದನ್ನು ಮೊದಲಿನಿಂದ ವಿವರಿಸುವಷ್ಟು ತ್ರಾಣ ಆಗ ನನಗೆ ಇರಲಿಲ್ಲ. ನೋವಲ್ಲಿರುವವಳು ಡಾಕ್ಟರಿಗೆ ಪಾಠ ಮಾಡಬೇಕಾ? ಕಡೆಗೆ ಮಂಗಳೂರಿನಲ್ಲಿ ಮಠದ ಒಬ್ಬ ಸನ್ಯಾಸಿನಿ ಸಿಸ್ಟರ್ ಸಿಕ್ಕಿದರು, ಕೌನ್ಸೆಲಿಂಗ್ ಓದಿದವರು. ಅವರಿಗೆ ಒಂದು ಮಾತು ಹೇಳಿದರೆ ಹತ್ತು ಮಾತು ಅರ್ಥವಾಗುತ್ತಿತ್ತು. ಕುಡಿತಕ್ಕೂ ಚಿಕಿತ್ಸೆ ಆಯಿತು, ನನಗೂ ಆಯಿತು.

ಉಪ್ಪಳದ ನರ್ಸ್

ಆಂಟೀ, ನೀವು ಹೇಳುವುದರಲ್ಲೂ ಸತ್ಯ ಉಂಟು. ದಣಿದವರು ವಿವರಿಸುವುದು ಕಷ್ಟವೇ. ಒಂದು ಮಾತು ಮಾತ್ರ ಸೇರಿಸುತ್ತೇನೆ. ಮನೆಯಲ್ಲಿ ಕೈ ಎತ್ತುತ್ತಿದ್ದರೆ ಸಂಸ್ಕಾರದ ಮಾತಿಗೂ ಮೊದಲು ಸುರಕ್ಷಿತ ಜಾಗ ಬೇಕು. 181 ಮಹಿಳಾ ಸಹಾಯವಾಣಿ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ, ಎರಡೂ ಅದಕ್ಕಾಗಿಯೇ ಇವೆ. ಸಹಿಸಿಕೋ ಅಂತ ಬೈಬಲ್ ತೋರಿಸಿ ವಾಪಸ್ಸು ಕಳಿಸುವ ‘ನಮ್ಮವರು’ ಕೂಡ ಇರುತ್ತಾರೆ. ಅಂಥವರಿಂದ ಆದ ಗಾಯಕ್ಕೆ ನಾವು ವಾರ್ಡಿನಲ್ಲಿ ಬ್ಯಾಂಡೇಜ್ ಹಾಕಿದ್ದೇವೆ.

ವರ್ಕಾಡಿ ಆಂಟಿ

ಅದು ನಿಜ. ನಮ್ಮ ಯಜಮಾನರು ಕೈ ಎತ್ತಿದವರಲ್ಲ. ಎತ್ತಿದ್ದರೆ ನಾನೂ ಬೇರೆ ಮಾತು ಹೇಳುತ್ತಿದ್ದೆನೋ ಏನೋ.

ಮಂಜೇಶ್ವರ ಮಾಸ್ಟ್ರು

ನಾವು ಸಿಎಸ್‌ಐ ಸಭೆಯವರು, ಪ್ರೊಟೆಸ್ಟೆಂಟರು. ಹಿಂದೆ ಬಾಸೆಲ್ ಮಿಷನ್ ಅನ್ನುತ್ತಿದ್ದರು. ಎಣ್ಣೆ ಹಚ್ಚುವ ಸಂಸ್ಕಾರ ನಮ್ಮಲ್ಲಿ ನಿಮ್ಮಷ್ಟು ದೊಡ್ಡದಲ್ಲ ಟೀಚರಮ್ಮ, ಆದರೆ ನಿಮ್ಮ ನೋವು ಗೊತ್ತಾಗುತ್ತದೆ. ‘ಕ್ರೈಸ್ತ ಕೌನ್ಸೆಲರ್’ ಅಂದಾಗ ಯಾವ ಕ್ರೈಸ್ತರು ಅಂತಲೂ ನೋಡಬೇಕಾಗುತ್ತದೆ. ಹೊಸ ಪಂಗಡದ ಒಬ್ಬರು ನಿಮ್ಮ ತೇರ್ಸನ್ನೇ ತಪ್ಪು ಅನ್ನಬಹುದು. ರಾಜಪುರಂ ಕಡೆಯ ಸಿರಿಯನ್ ಕಥೊಲಿಕರಿಗೆ ನಿಮ್ಮ ರೀತಿ ರಿವಾಜು ಗೊತ್ತಿದ್ದರೂ ಭಾಷೆ ಮಲಯಾಳಂ.

ರಿಟೈರ್ ಆದ ವರ್ಷ ನಾನೂ ಕತ್ತಲೆಗೆ ಬಿದ್ದಿದ್ದೆ. ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. ನಮ್ಮ ಸಭಾಪಾಲಕರು ಮನೆಗೆ ಬಂದು 1 ಅರಸುಗಳು 19ನೇ ಅಧ್ಯಾಯ ಓದಿದರು. ಎಲೀಯನು ಗಿಡದ ಕೆಳಗೆ ಬಿದ್ದುಕೊಂಡು, ಸಾಕು ಕರ್ತನೇ, ನನ್ನ ಪ್ರಾಣ ತೆಗೆ ಅನ್ನುತ್ತಾನೆ. ದೇವದೂತ ಬಂದು ವಿಶ್ವಾಸ ಕಡಿಮೆ ಅಂತ ಬೈಯುವುದಿಲ್ಲ. ರೊಟ್ಟಿ, ನೀರು ಇಟ್ಟು, ಎದ್ದು ತಿನ್ನು ಅನ್ನುತ್ತಾನೆ. ತಿಂದು ಮತ್ತೆ ಮಲಗುತ್ತಾನೆ, ಮತ್ತೆ ಎಬ್ಬಿಸಿ ತಿನ್ನಿಸುತ್ತಾನೆ. ಓದಿ ಮುಗಿಸಿ ಸಭಾಪಾಲಕರು, “ಮಾಸ್ಟ್ರೇ, ಅಂಗಿ ಹಾಕಿಕೊಳ್ಳಿ, ಹೋಗುವ” ಅಂದರು. ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಬಂದರು, ಓಪಿ ಚೀಟಿಯ ಸಾಲಲ್ಲೂ ನಿಂತರು. ಆ ದಿನ ಅವರು ನನ್ನ ಹತ್ತಿರ ಜಾಸ್ತಿ ಮಾತೇ ಆಡಲಿಲ್ಲ.

ತಲಪಾಡಿ ಗಡಿ

ಹೋಗುವುದು ಎಲ್ಲಿಗೆ ಅನ್ನುವುದೂ ಮುಖ್ಯ. ಕೊರೊನಾ ಹೊತ್ತಲ್ಲಿ, 2020ರ ಮಾರ್ಚಿನಲ್ಲಿ, ಕರ್ನಾಟಕ ಗಡಿಯ ತಲಪಾಡಿಯಲ್ಲಿ ಮಂಗಳೂರಿನ ರಸ್ತೆ ಮುಚ್ಚಿದಾಗ ನಮ್ಮ ಕಡೆಯ ರೋಗಿಗಳು ಪಟ್ಟ ಪಾಡು ಎಲ್ಲರಿಗೂ ನೆನಪಿರಬೇಕು. ನನ್ನ ತಂಗಿಯ ಮಾನಸಿಕ ಕಾಯಿಲೆಯ ಮಾತ್ರೆ ಆಗ ಹನ್ನೊಂದು ದಿನ ತಪ್ಪಿತು. ಅದಕ್ಕೇ ಹೇಳುತ್ತೇನೆ, ಮಾತಿನ ಚಿಕಿತ್ಸೆಗೆ ಮಂಗಳೂರಿಗೆ ಹೋದರೂ ಕೇರಳದ ಕಡೆ ಸರಕಾರಿ ಆಸ್ಪತ್ರೆಯಲ್ಲಿ ಒಂದು ಕಾರ್ಡ್ ಮಾಡಿಸಿಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಕ್ಲಿನಿಕ್ ಮಾಡುತ್ತಾರೆ, ಮಾತ್ರೆ ಫ್ರೀ. ಕೇರಳದ ದಿಶಾ ಸಹಾಯವಾಣಿ 1056. ಮಂಗಳೂರಿನಲ್ಲಾದರೆ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ ಉಂಟು, 1880ರಲ್ಲಿ ಒಬ್ಬ ಜೆಸ್ವಿತ್ ಫಾದರ್ ಶುರು ಮಾಡಿದ್ದು, ಮನೋವೈದ್ಯ ವಿಭಾಗ ಇದೆ. ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು ಮಂಜೇಶ್ವರದವರಿಗೆ ಇನ್ನೂ ಹತ್ತಿರ.

ಭಾಷೆಯ ಬಗ್ಗೆ ಟೀಚರ್ ಬರೆದದ್ದು ನೂರಕ್ಕೆ ನೂರು ಸರಿ. ನನ್ನ ತಂಗಿ ಮಲಯಾಳಂನಲ್ಲಿ ಜ್ವರ, ತಲೆನೋವು ಎಲ್ಲ ಹೇಳುತ್ತಾಳೆ. “ಜೀವ ಚುಂಯ್ ಅನ್ನುತ್ತದೆ” ಅನ್ನುವುದನ್ನು ಮಲಯಾಳಂನಲ್ಲಿ ಹೇಳಲು ಅವಳಿಗೆ ಬರುವುದಿಲ್ಲ.

ಒಬ್ಬ ಫಾದರ್

ಟೀಚರ್, ನಾನು ನಿಮ್ಮ ಇಗರ್ಜಿಯವನಲ್ಲ, ನೀವು ಯಾರೆಂದು ಕೇಳುವುದೂ ಇಲ್ಲ. ಎರಡು ಮಾತು ಹೇಳಲು ಬಿಡಿ.

ಎಣ್ಣೆ ಹಚ್ಚುವುದು ಸಾಯುವವರಿಗೆ ಮಾತ್ರ ಅನ್ನುವುದು ನಮ್ಮ ಜನರ ಮನಸ್ಸಿನಲ್ಲಿ ಕೂತುಬಿಟ್ಟಿದೆ. 1963ರಲ್ಲೇ ಎರಡನೇ ವ್ಯಾಟಿಕನ್ ಸಮ್ಮೇಳನ, ಅದನ್ನು ರೋಗಿಗಳ ಅಭ್ಯಂಗ ಅಂತ ಕರೆಯುವುದೇ ಸರಿ, ಅದು ಸಾವಿನ ಅಂಚಿನಲ್ಲಿರುವವರಿಗೆ ಮಾತ್ರವಲ್ಲ ಅಂತ ಹೇಳಿತು. ಇದನ್ನು ನಾವು ಫಾದರ್‌ಗಳು ನಿಮಗೆ ಸರಿಯಾಗಿ ಕಲಿಸಿದ್ದರೆ, ಫಾದರನ್ನು ಕಂಡರೆ ಅಮ್ಮ ಹೆದರುತ್ತಾರೆ ಅಂತ ನಿಮಗೆ ಅನ್ನಿಸುತ್ತಿರಲಿಲ್ಲ. ಆ ತಪ್ಪು ನಮ್ಮದು, ಅದನ್ನು ನೀವೊಬ್ಬರೇ ಹೊರಬೇಡಿ. ಎಣ್ಣೆ ಹಚ್ಚದೆ ತೀರಿಕೊಂಡವರ ಆತ್ಮ ನಷ್ಟವಾಯಿತು ಅಂತ ಧರ್ಮಸಭೆ ಎಲ್ಲೂ ಹೇಳುವುದಿಲ್ಲ. ಜೀವನವಿಡೀ ತೇರ್ಸ್ ಹೇಳಿದ ತಾಯಿಯನ್ನು ದೇವರು ಒಂದು ರಾತ್ರಿಯ ಲೆಕ್ಕದಲ್ಲಿ ಬಿಡುವವನಲ್ಲ.

ಇಷ್ಟು ಹೇಳಿದೆ ಅಂತ ನಿಮಗೆ ನಿದ್ದೆ ಬಂದುಬಿಡುತ್ತದೆ ಅಂತ ನಾನು ಅಂದುಕೊಂಡಿಲ್ಲ. ಪಾಪನಿವೇದನೆ ಚಿಕಿತ್ಸೆ ಅಲ್ಲ, ನನಗೆ ಆ ಓದೂ ಇಲ್ಲ. ಪೋಪ್ ಫ್ರಾನ್ಸಿಸ್ ತಮ್ಮ 42ನೇ ವಯಸ್ಸಿನಲ್ಲಿ ಆರು ತಿಂಗಳು, ವಾರಕ್ಕೊಮ್ಮೆ, ಒಬ್ಬ ಮನೋವಿಶ್ಲೇಷಕಿಯ ಹತ್ತಿರ ಹೋಗುತ್ತಿದ್ದರು. ಅದನ್ನು ಅವರೇ 2017ರಲ್ಲಿ ಹೇಳಿಕೊಂಡರು. ಆಕೆ ಯೆಹೂದಿ. ಮುಂದೊಂದು ದಿನ ಆಕೆ ಸಾಯುವ ಹೊತ್ತಿಗೆ ಇವರಿಗೆ ಫೋನ್ ಮಾಡಿದರಂತೆ. ಸಂಸ್ಕಾರಕ್ಕಲ್ಲ, ಆಧ್ಯಾತ್ಮದ ಮಾತಾಡುವುದಕ್ಕೆ. ನನಗೆ ಈ ಸಂಗತಿ ತುಂಬಾ ಇಷ್ಟ.

ಕುಂಬಳೆ ಟೀಚರ್

ಫಾದರ್, ನಿಮ್ಮ ಮಾತನ್ನು ಅಣ್ಣನಿಗೆ ಓದಿ ಹೇಳಿದೆ. ಅವನು ಎದ್ದು ಹಿತ್ತಲಿಗೆ ಹೋಗಿ ತುಂಬಾ ಹೊತ್ತು ನಿಂತುಕೊಂಡ. ಇವನಿಗೂ ಇಷ್ಟು ದಿನ ಈ ಕೊರಗು ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

ಉಪ್ಪಳದ ಸಿಸ್ಟರ್, ಕೌನ್ಸೆಲರಿಗೆ ಫೋನ್ ಮಾಡಿದಾಗ ಏನು ಕೇಳಲಿ? ನನಗೆ ಮಾತೇ ಹೊರಡುವುದಿಲ್ಲ.

ಉಪ್ಪಳದ ನರ್ಸ್

ಪೇಪರಲ್ಲಿ ಬರೆದುಕೊಂಡು ಓದಿ. ಹೀಗೆ: “ನಾನು ಕಥೊಲಿಕಳು. ಅಮ್ಮ ತೀರಿಕೊಂಡ ಮೇಲೆ ನಿದ್ದೆಯಿಲ್ಲ. ನನ್ನ ದುಃಖದಲ್ಲಿ ನಂಬಿಕೆಯ ವಿಷಯವೂ ಇದೆ. ಅದನ್ನು ನಿಮ್ಮ ಹತ್ತಿರ ಮಾತಾಡಬಹುದಾ? ಕನ್ನಡದಲ್ಲಿ ಮಾತಾಡಬಹುದಾ? ಒಂದು ಭೇಟಿಗೆ ಎಷ್ಟು ಫೀಸು?” ಇಷ್ಟೇ ಸಾಕು. ಉತ್ತರಕ್ಕಿಂತ ಉತ್ತರಿಸುವ ರೀತಿ ಕೇಳಿಸಿಕೊಳ್ಳಿ. “ಅದರ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ, ನೀವೇ ಹೇಳಿಕೊಡಿ” ಅಂದರೆ ಹೋಗಿ. “ಅದೆಲ್ಲ ಬಿಡಿ” ಅಂದರೆ ಬೇಡ. “ನಮ್ಮ ಪ್ರಾರ್ಥನಾಕೂಟಕ್ಕೆ ಬನ್ನಿ, ಮಾತ್ರೆ ಬೇಕಾಗಿಲ್ಲ” ಅಂದರೆ ಅದೂ ಬೇಡ.

ಊರಿಗೆ ಗೊತ್ತಾಗುವ ಹೆದರಿಕೆ ಬಿಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನಿಮ್ಮ ವಿಷಯ ಗುಟ್ಟಾಗಿಡುವುದು ನಿಮ್ಮ ಹಕ್ಕು. ಜೀವಕ್ಕೆ ಅಪಾಯ ಇದ್ದಾಗ, ಕೋರ್ಟು ಕೇಳಿದಾಗ, ಇಂಥ ಕೆಲವು ಸಂದರ್ಭ ಬಿಟ್ಟರೆ ಗಂಡನಿಗೂ ಸುಮ್ನೆ ಹೇಳುವ ಹಾಗಿಲ್ಲ.

ಮಾತ್ರೆ ಕೊಟ್ಟರೆ ಎರಡು ದಿನಕ್ಕೆ ಗುಣ ಕಾಣಲಿಲ್ಲ ಅಂತ ನಿಲ್ಲಿಸಬೇಡಿ.

ಕುಂಬಳೆ ಟೀಚರ್

ಮೂರು ವಾರ ಆಯಿತು. ನೀವೆಲ್ಲ ಕಾಯುತ್ತಿರುತ್ತೀರಿ ಅಂತ ಬರೆಯುತ್ತಿದ್ದೇನೆ.

ಮೊದಲು ಫೋನ್ ಮಾಡಿದವರು ಕನ್ನಡ ಬರುವುದಿಲ್ಲ ಅಂದರು. ಎರಡನೆಯವರು ಫೋನ್ ಎತ್ತಲಿಲ್ಲ. ಮೂರನೆಯವರು ಮಂಗಳೂರಿನಲ್ಲಿ, ಕ್ಲಿನಿಕಲ್ ಸೈಕಾಲಜಿಸ್ಟ್, ಹಿಂದೂ ಮೇಡಂ. ಪೇಪರ್ ನೋಡಿ ಓದಿದೆ. “ಬನ್ನಿ, ನನಗೆ ಗೊತ್ತಿಲ್ಲದ್ದನ್ನು ಕೇಳುತ್ತಾ ಹೋಗುತ್ತೇನೆ” ಅಂದರು.

ಅಮ್ಮನ ವಿಷಯ ಹೇಳಿದೆ. ಅವರು ಬರೆಯುವುದು ನಿಲ್ಲಿಸಿ, “ಆ ಎಣ್ಣೆ ಯಾವುದು? ಎಲ್ಲಿಗೆ ಹಚ್ಚುತ್ತಾರೆ?” ಅಂತ ಕೇಳಿದರು. ಆಲಿವ್ ಎಣ್ಣೆ, ಪವಿತ್ರ ವಾರದಲ್ಲಿ ಬಿಷಪ್ ಆಶೀರ್ವದಿಸಿ ಕೊಡುವುದು, ಹಣೆಗೆ ಮತ್ತು ಅಂಗೈಗೆ ಹಚ್ಚುತ್ತಾರೆ ಅಂತ ಹೇಳಿದೆ. ಹೇಳುತ್ತಾ ಹೇಳುತ್ತಾ ಅಳು ಬಂತು. ಅವರು ತಡೆಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಆ ಸಂಜೆ ಅಮ್ಮನ ಹಣೆ ಯಾರಾದರೂ ಮುಟ್ಟಿದ್ದರಾ?” ಅಂದರು.

ನಾನು ಮರೆತೇ ಬಿಟ್ಟಿದ್ದೆ. ಚಿಕ್ಕವರಿದ್ದಾಗ ಮಲಗುವ ಮೊದಲು ಅಮ್ಮ ನಮ್ಮ ಹಣೆಗೆ ಹೆಬ್ಬೆರಳಲ್ಲಿ ಶಿಲುಬೆ ಗುರುತು ಹಾಕುತ್ತಿದ್ದರು. ಆ ಸಂಜೆ ಐಸಿಯುನಲ್ಲಿ ಐದು ನಿಮಿಷ ಒಳಗೆ ಬಿಟ್ಟಾಗ ನಾನು ಅಮ್ಮನ ಹಣೆಗೆ ಹಾಗೇ ಮಾಡಿದ್ದೆ. ಅಮ್ಮ ಕಣ್ಣು ಬಿಟ್ಟು ನೋಡಿದ್ದರು.

ಎಚ್ಚರ ಇನ್ನೂ ಆಗುತ್ತದೆ, ಆದರೆ ದಿನಾ ಅಲ್ಲ. ಸೈಕಿಯಾಟ್ರಿಸ್ಟ್ ಒಂದು ಮಾತ್ರೆ ಕೊಟ್ಟಿದ್ದಾರೆ, ತೆಗೆದುಕೊಳ್ಳುತ್ತಿದ್ದೇನೆ. ಕಳೆದ ಭಾನುವಾರ ಪೂಜೆ ಮುಗಿಯುವವರೆಗೂ ಕೂತಿದ್ದೆ. ಮುಂದಿನ ಭೇಟಿ ಬರುವ ಶನಿವಾರ, ಅಣ್ಣನೂ ಬರುತ್ತೇನೆ ಅಂದಿದ್ದಾನೆ.

ಬದಿಯಡ್ಕದ ಹುಡುಗ

ಅಕ್ಕಾ ❤️

ವರ್ಕಾಡಿ ಆಂಟಿ

ಟೀಚರೇ, ನಮ್ಮ ಸೊಸೆಗೆ ಹೆರಿಗೆಯಾದ ಮೇಲೆ ತುಂಬಾ ಮಂಕಾಗಿದ್ದಾಳೆ. ಆ ಮೇಡಂ ನಂಬರ್ ನನಗೂ ಮೆಸೇಜ್ ಮಾಡುತ್ತೀರಾ?